ನಡುಗೋಡೆಯ ತೇವ

"ಒಂದು ತಪ್ಪು ಮಾಡಿದೆ. ಯಾರಿಗೂ ತಿಳಿಯದಂತೆ ಅದನ್ನು ಸರಿಪಡಿಸಿಯೂ ಆಯಿತು. ಈಗ ಯಾರಿಗೂ ನಷ್ಟವಿಲ್ಲ. ಆದರೂ ಬಾಯಿಬಿಟ್ಟು ಹೇಳಬೇಕೆ?" ಎಂದು ಶಿಷ್ಯ ಕೇಳಿದ.

ಏನು ತಪ್ಪು ಎಂದು ಗುರು ಕೇಳಲಿಲ್ಲ. "ಕೂತುಕೋ," ಎಂದರು. ಶಿಷ್ಯ ಕೂತ. ಗುರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೈತ, ಒಬ್ಬ ನೇಕಾರ. ಇಬ್ಬರದೂ ಮಣ್ಣಿನ ಮಾಳಿಗೆಯ ಮನೆ. ಎರಡು ಮನೆಗಳ ನಡುವೆ ಒಂದೇ ಗೋಡೆ.

ಮಣ್ಣಿನ ಮಾಳಿಗೆಗೆ ಪ್ರತಿವರ್ಷ ಕೆಲಸವಿದೆ. ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಸವುಳು ಮಣ್ಣು ಹರಡಬೇಕು. ಆ ಮಣ್ಣು ನೀರನ್ನು ಕೆಳಗೆ ಇಳಿಯಗೊಡುವುದಿಲ್ಲ. ಹರಡಿದ ಮೇಲೆ ತುಳಿದು ಗಟ್ಟಿ ಮಾಡಬೇಕು. ಇಳಿಜಾರು ಕಲ್ಲಿನ ದೋಣಿಯ ಕಡೆಗಿರಬೇಕು. ಬಿದ್ದ ಮಳೆ ಆ ದೋಣಿಯಿಂದ ಹೊರಗೆ ಹೋಗಬೇಕು. ಇಷ್ಟಾದರೆ ಮನೆ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ. ಆಗದಿದ್ದರೆ ಮುಂದಿನ ಮಳೆಗೆ ಕುಸಿದು ಕೂರುತ್ತದೆ.

ಎರಡು ಮಾಳಿಗೆ ಕೂಡುವಲ್ಲಿ, ನಡುಗೋಡೆಯ ತಲೆಯ ಮೇಲೆ, ಗೇಣೆತ್ತರದ ಮಣ್ಣಿನ ಒಡ್ಡು ಇತ್ತು. ಅವನ ನೀರು ಅವನ ಕಡೆಗೆ. ಇವನ ನೀರು ಇವನ ಕಡೆಗೆ.

ಆ ಓಣಿಯಲ್ಲಿ ಒಂದು ಕಟ್ಟಳೆಯೂ ಇತ್ತು. ತನ್ನ ಮಾಳಿಗೆಯನ್ನು ತಾನು ತುಳಿಯಬಾರದು. ನೆರೆಯವನು ಬಂದು ತುಳಿಯಬೇಕು. ತನ್ನ ಮನೆಯ ತಗ್ಗು ತನ್ನ ಕಾಲಿಗೆ ತಿಳಿಯುವುದಿಲ್ಲ ಎಂದು ಹಿರಿಯರು ಮಾಡಿದ್ದು.

ರೈತ ನೀರು ಬಲ್ಲವನು. ಯಾವ ಹೊಲದ ಬದು ಎಲ್ಲಿ ಒಡೆಯುತ್ತದೆ ಎಂದು ಮಳೆಗೆ ಮುಂಚೆಯೇ ಹೇಳುತ್ತಿದ್ದ. ಹೇಳಿದಲ್ಲೇ ಒಡೆಯುತ್ತಿತ್ತು. ಊರು ಅವನ ಮಾತಿಗೆ ತಲೆದೂಗುತ್ತಿತ್ತು. ತಲೆದೂಗುವುದನ್ನು ನೋಡಿ ನೋಡಿ ಅವನಿಗೆ ಅದು ರೂಢಿಯಾಗಿತ್ತು.

ಒಂದು ವರ್ಷ ಅವನು ಮನೆಯ ಮುಂದೆ ಹೊಸ ಕಟ್ಟೆ ಕಟ್ಟಿಸಿದ. ದೋಣಿಯ ನೀರು ಆ ಕಟ್ಟೆಯ ಮೇಲೆ ಬೀಳುತ್ತಿತ್ತು. ದೋಣಿಯನ್ನು ಕಿತ್ತು ಹಿತ್ತಲ ಕಡೆಗೆ ಹಾಕಿದ. ಆಗ ಇಳಿಜಾರನ್ನೂ ತಿರುಗಿಸಬೇಕಾಯಿತು. ಮಣ್ಣು ಸಾಲಲಿಲ್ಲ. ಒಡ್ಡಿನ ಬುಡದಿಂದ ನಾಲ್ಕು ಬುಟ್ಟಿ ಮಣ್ಣು ಕೆರೆದು ತಗ್ಗಿಗೆ ತುಂಬಿದ. ಯಾರನ್ನೂ ಕರೆಯದೆ ತಾನೇ ತುಳಿದ.

ನೇಕಾರ ಕೆಳಗೆ ನಿಂತು, "ಅಣ್ಣಾ, ತುಳಿಯಲು ನಾನು ಬರಲೇ?" ಎಂದು ಕೂಗಿದ.

"ನಾನು ಹಾಕಿದ ಇಳಿಜಾರಿಗೆ ನಿನ್ನ ಕಾಲು ಬೇಕೇನೋ? ಹೋಗು, ನಿನ್ನ ಮಗ್ಗ ತುಳಿ," ಎಂದು ರೈತ ನಕ್ಕ. ನೇಕಾರನೂ ನಕ್ಕು ಹೋದ.

ಮಳೆ ಹಿಡಿಯಿತು. ಹದಿನೈದು ದಿನಕ್ಕೆ ನೇಕಾರನ ಕಡೆಯ ನಡುಗೋಡೆ ತೋಯತೊಡಗಿತು. ಅವನದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ನೇಯಬೇಕು. ಕುಣಿಯಲ್ಲಿ ನೀರು ಜಿನುಗಿತು. ಗಂಜಿ ಕೊಟ್ಟ ನೂಲಿಗೆ ಬೂಷ್ಟು ಹಿಡಿಯಿತು. ಅವನು ರೈತನನ್ನು ಕರೆದು ತೋರಿಸಿದ.

"ನೋಡಣ್ಣಾ. ಇನ್ನೊಂದು ಮಳೆಯಾದರೆ ಇದರಲ್ಲಿ ಮೀನು ಬಿಡುತ್ತೇನೆ. ನೇಯುವುದಕ್ಕಿಂತ ಅದೇ ಸುಲಭ."

ರೈತ ಗೋಡೆಯನ್ನು ಮೇಲಿನಿಂದ ಕೆಳಗೆ ಕೈಯಿಂದ ಸವರಿದ. ಮೇಲೆ ಒಣಗಿತ್ತು. ಬುಡದಲ್ಲಿ ಒದ್ದೆ ಇತ್ತು. ಹತ್ತಿರವೇ ಬಚ್ಚಲು.

"ಮಾಳಿಗೆಯ ನೀರಾಗಿದ್ದರೆ ಮೇಲೆ ತೋಯಬೇಕಿತ್ತು. ಇದು ಬಚ್ಚಲ ನೀರು," ಎಂದ. ನೇಕಾರನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕಡೆ ನೋಡಿ, "ಏನು ಚಂದ್ರವ್ವ, ಒಂದು ಕೆರೆ ನೀರು ಸುರಿದುಕೊಳ್ಳುತ್ತೀಯೇನು?" ಎಂದ. ತಮಾಷೆಗೆ ಅಂದದ್ದು.

ಚಂದ್ರವ್ವನ ತವರು ಹೊಳೆಯ ದಂಡೆಯ ಊರು. ನೀರಿಗೆ ಅವಳ ಕೈ ಧಾರಾಳ. ಅದು ಓಣಿಗೆಲ್ಲ ಗೊತ್ತು. ಅವಳು ಒಳಗೆ ಹೋದಳು.

ನೇಕಾರ ಅಂದೇ ಬಚ್ಚಲಿನ ಮೇಲೆ ಚಪ್ಪಡಿ ಎಳೆದ. ಹಿತ್ತಲಲ್ಲಿ ಮೀಯಲು ಬಿದಿರಿನ ತಟ್ಟಿ ಕಟ್ಟಿದ. ಚಂದ್ರವ್ವ ಆ ಮಳೆಗಾಲವೆಲ್ಲ ತಟ್ಟಿಯ ಮರೆಯಲ್ಲಿ ಮಿಂದಳು. ಗೋಡೆ ಒಣಗಲಿಲ್ಲ. ಒಣಗದಿದ್ದುದಕ್ಕೆ ನೇಕಾರ ತಾನೇ ಒಂದು ಕಾರಣ ಹುಡುಕಿದ. ನಾನು ಸಂತೆಗೆ ಹೋದಾಗ ಚಪ್ಪಡಿ ಸರಿಸಿ ಒಳಗೇ ಮೀಯುತ್ತೀಯ, ಎಂದು ಹೆಂಡತಿಯನ್ನು ಬೈದ. ಅವಳು ಇಲ್ಲವೆಂದಳು. ಅವನು ನಂಬಲಿಲ್ಲ. ರೈತ ಹೇಳಿದ್ದನಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ರೈತ ಹುಲ್ಲು ಕೀಳಲು ತನ್ನ ಮಾಳಿಗೆ ಹತ್ತಿದ. ಮಳೆ ಆಗಷ್ಟೇ ನಿಂತಿತ್ತು. ನೀರು ದೋಣಿಯ ಕಡೆಗೆ ಹೋಗುತ್ತಿರಲಿಲ್ಲ. ಒಡ್ಡಿನ ಕಡೆಗೆ ಹೋಗುತ್ತಿತ್ತು. ಅವನು ಮಣ್ಣು ಕೆರೆದ ಜಾಗದಲ್ಲಿ ಕೈ ತೂರುವಷ್ಟು ಕಂಡಿ ಬಿದ್ದಿತ್ತು. ನೀರು ಸುಳಿ ತಿರುಗಿ ಅದರೊಳಗೆ ಇಳಿಯುತ್ತಿತ್ತು.

ಗೋಡೆಗೆ ಎರಡು ಮೈ ಕಲ್ಲು, ನಡುವೆ ಮಣ್ಣು. ಮೇಲೆ ಹೊಕ್ಕ ನೀರು ನಡುವಿನ ಮಣ್ಣಿನಲ್ಲೇ ಇಳಿದು ಬುಡದಲ್ಲಿ ಹೊರಬಿದ್ದಿತ್ತು. ನೀರು ಬಲ್ಲವನಿಗೆ ಇದು ಒಂದು ಗಳಿಗೆಯಲ್ಲಿ ತಿಳಿಯಿತು.

ಅವನು ಇಳಿದು ಹೋಗಿ ಹೇಳಬಹುದಿತ್ತು. ಒಂದು ಮಾತು. ಹೇಳಲಿಲ್ಲ. ಬುಟ್ಟಿ ಮಣ್ಣು ತಂದ. ಕಂಡಿ ತುಂಬಿದ. ಒಡ್ಡನ್ನು ಮೊದಲಿನಂತೆ ಎತ್ತಿದ. ಇಳಿಜಾರು ಸರಿಮಾಡಿದ. ತಪ್ಪು ಸರಿಹೋಯಿತು, ಗೋಡೆ ಒಣಗುತ್ತದೆ, ಎಲ್ಲರೂ ಮರೆಯುತ್ತಾರೆ ಎಂದುಕೊಂಡ.

ಗೋಡೆ ಒಣಗಿತು. ಯಾರೂ ಮರೆಯಲಿಲ್ಲ.

ನೇಕಾರ ಒಂದು ಹೊಸ ಪಂಚೆ ಹಿಡಿದು ಬಂದ. "ಅಣ್ಣಾ, ನಿನ್ನ ಮಾತು ಸುಳ್ಳಾಗಲಿಲ್ಲ. ಒಳಗೆ ಕದ್ದು ಮೀಯುತ್ತಿದ್ದಳು. ಗಟ್ಟಿಯಾಗಿ ಬೈದ ಮೇಲೆ ಬಿಟ್ಟಳು. ನೋಡು, ಗೋಡೆ ಒಣಗಿತು," ಎಂದ.

ರೈತ ಪಂಚೆ ತೆಗೆದುಕೊಂಡ. ಬೇಡ ಎಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ತೆಗೆದುಕೊಂಡದ್ದನ್ನು ಉಡಲಾರದೆ ಪೆಟ್ಟಿಗೆಯ ತಳದಲ್ಲಿಟ್ಟ.

ಆ ಮೇಲೆ ಓಣಿಯಲ್ಲಿ ಯಾರ ಗೋಡೆ ತೋಯ್ದರೂ ಮೊದಲು ಬಚ್ಚಲು ಮುಚ್ಚಿದರು. ಮೊದಲು ಮಾಳಿಗೆ ನೋಡಿ, ಎಂದು ರೈತ ಅಲ್ಲಲ್ಲಿ ಹೇಳಿ ನೋಡಿದ. ಬಚ್ಚಲೆಂದು ನೀನೇ ಹೇಳಿದವನಲ್ಲವೆ, ಎಂದರು. ನೀರಿಗೆ ಕೈ ಸಡಿಲವಾದ ಹೆಂಗಸರಿಗೆ 'ಗೋಡೆ ತೋಯಿಸಿದವಳು' ಎಂಬ ಹೆಸರು ಬಂತು. ಎಲ್ಲರಿಗಿಂತ ಮೊದಲು ಅದು ಚಂದ್ರವ್ವನ ಹೆಸರು. ಬಾವಿಯ ಹತ್ತಿರ ಅವಳು ಎರಡನೆಯ ಕೊಡ ಸೇದಿದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕ್ರಮೇಣ ಅವಳು ಒಂದೇ ಕೊಡ ಸೇದಿ ಹೋಗತೊಡಗಿದಳು.

ಹೀಗೆ ಮೂರು ವರ್ಷ. ರೈತ ಅವಳು ಎದುರಾದರೆ ದಾರಿ ಬದಲಿಸುತ್ತಿದ್ದ.

ಒಂದು ದಿನ ಅವಳೇ ಅವನ ಕಟ್ಟೆಯ ಬಳಿಗೆ ಬಂದಳು.

"ಅಣ್ಣಾ, ಮಗಳು ಬಾಣಂತನಕ್ಕೆ ಬರುತ್ತಾಳೆ. ಚೊಚ್ಚಲು. ಹಸೀ ಮೈಯವಳನ್ನು ತಟ್ಟಿಯ ಮರೆಯಲ್ಲಿ ಹೇಗೆ ಮೀಯಿಸಲಿ? ಬಚ್ಚಲಿನ ಚಪ್ಪಡಿ ತೆಗೆಯಿರಿ ಎಂದರೆ ಅವರು ಕೇಳುವುದಿಲ್ಲ. ನಿಮ್ಮ ಮಾತಾದರೆ ಕೇಳುತ್ತಾರೆ."

ರೈತ ತಲೆ ಎತ್ತಲಿಲ್ಲ.

"ನಾನು ಮೊದಲಿನ ಹಾಗೆ ಸುರಿಯುವುದಿಲ್ಲ," ಎಂದಳು. "ನನ್ನ ಕೈಯದೇ ತಪ್ಪು, ನನಗೆ ಗೊತ್ತು. ಹೊಳೆಯ ಊರಿನ ರೂಢಿ. ಈಗ ಬಿಟ್ಟಿದ್ದೇನೆ. ದಿನಕ್ಕೆ ನಾಲ್ಕು ತಂಬಿಗೆಯಲ್ಲಿ ಮುಗಿಸುತ್ತೇನೆ. ನಾಲ್ಕಕ್ಕೆ ಗೋಡೆ ತೋಯುವುದಿಲ್ಲ ಅಲ್ಲವೆ?"

ಬಾಣಂತಿಗೆ ಹಂಡೆ ತುಂಬ ಬಿಸಿನೀರು ಬೇಕು. ಅದು ಅವನಿಗೂ ಗೊತ್ತು. ಮಾಡದ ತಪ್ಪನ್ನು ಈಕೆ ಈಗ ತನ್ನದೆಂದೇ ನಂಬಿದ್ದಾಳೆ ಎಂಬುದು ಮಾತ್ರ ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಗಲೂ ಸುಲಭದ ದಾರಿಯೊಂದಿತ್ತು. ಅವನು ಅದನ್ನೇ ಹಿಡಿದ. "ಆಗಲಿ ತಂಗಿ. ತೆಗೆಯಲು ಹೇಳುತ್ತೇನೆ," ಎಂದ.

ಚಂದ್ರವ್ವ ಬಗ್ಗಿ ಅವನ ಕಾಲು ಮುಟ್ಟಿದಳು.

ರೈತ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಬೆಂಕಿ ತಾಗಿದವನಂತೆ ಎದ್ದ. "ಏಳು. ಏಳವ್ವ. ಆ ನೀರು ನಿನ್ನದಲ್ಲ. ನನ್ನದು," ಎಂದ.

ಅವಳಿಗೆ ಅರ್ಥವಾಗಲಿಲ್ಲ. ಅವನು ನೇಕಾರನನ್ನು ಕರೆದ. ಇಬ್ಬರೂ ಮಾಳಿಗೆ ಹತ್ತಿದರು. ರೈತ ಒಡ್ಡಿನ ಬುಡವನ್ನು ತೋರಿಸಿದ. ಎಲ್ಲಿ ಕೆರೆದೆ, ಎಲ್ಲಿ ಕಂಡಿ ಬಿತ್ತು, ಯಾವ ದಿನ ಮುಚ್ಚಿದೆ, ಎಲ್ಲ ಹೇಳಿದ. ನೇಕಾರ ಕೂತು ಆ ಮಣ್ಣನ್ನು ಬೆರಳಿನಿಂದ ಕೆದಕಿದ. ಸುತ್ತಲಿನ ಮಣ್ಣಿಗಿಂತ ಅದರ ಬಣ್ಣ ಬೇರೆಯಾಗಿತ್ತು.

ಕೆದಕುತ್ತಲೇ ಅವನು, "ಅವಳಿಗೆ ನಾನು ಏನೇನು ಅಂದಿದ್ದೇನೆ, ನಿನಗೆ ಗೊತ್ತೇ?" ಎಂದ.

"ಗೊತ್ತು. ಒಂದೇ ಗೋಡೆ. ಎಲ್ಲ ಕೇಳಿಸುತ್ತಿತ್ತು."

"ಕೇಳಿಸುತ್ತಿತ್ತು," ಎಂದ ನೇಕಾರ. ಇಳಿದು ಹೋದ.

ಮರುದಿನ ರೈತ ಬಾವಿಯ ಹತ್ತಿರ ಹೋಗಿ, ಚಂದ್ರವ್ವನೂ ಇದ್ದಾಗ, ಹೆಂಗಸರೆಲ್ಲರ ಮುಂದೆ, ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ಕೆಲವರು ಬಾಯಿಗೆ ಸೆರಗು ಹಿಡಿದರು. ಒಬ್ಬ ಮುದುಕಿ, "ನಮ್ಮ ಬಚ್ಚಲನ್ನೂ ನೀನೇ ಮುಚ್ಚಿಸಿದ್ದು, ದೊಡ್ಡ ಮನುಷ್ಯ," ಎಂದಳು. ಅವನು ನಿಂತು ಕೇಳಿಸಿಕೊಂಡ. ಆ ವರ್ಷದಿಂದ ಅವನ ಮಾಳಿಗೆಯನ್ನು ನೆರೆಯವರು ತುಳಿದರು. ನೀರಿನ ಮಾತಿಗೆ ಅವನನ್ನು ಯಾರೂ ಕರೆಯಲಿಲ್ಲ.

ನೇಕಾರ ಚಪ್ಪಡಿ ಕಿತ್ತ. ಬಚ್ಚಲು ತೊಳೆದ. ಮಗಳು ಬಂದಳು. ಹೆರಿಗೆಯಾಯಿತು. ಹಂಡೆ ತುಂಬ ನೀರನ್ನು ಅವನೇ ಸೇದಿ ತಂದು ಕಾಯಿಸಿದ.

ಗೋಡೆಯ ಈಚೆ ರೈತ ಕೂತಿದ್ದ. ಆಚೆ ಚಂದ್ರವ್ವ ಮಗಳಿಗೆ ನೀರು ಹಾಕುತ್ತಿದ್ದಳು. ಒಂದು ತಂಬಿಗೆ ಸುರಿದ ಸದ್ದಾಯಿತು. ಎರಡು. ಮೂರು. ನಾಲ್ಕು. ಅಲ್ಲಿಗೆ ನಿಂತಿತು.

"ಇನ್ನೂ ಹಾಕವ್ವಾ, ಹಂಡೆ ತುಂಬ ಇದೆಯಲ್ಲ," ಎಂದಳು ಮಗಳು.

"ಸಾಕು ಮಗಳೇ. ಗೋಡೆ ತೋಯುತ್ತದೆ," ಎಂದಳು ತಾಯಿ.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಮುಂದಕ್ಕೆ ಬಾಗಿದ. ಕತೆ ಮುಂದುವರಿಯಲಿಲ್ಲ.

"ಆತ ಎಲ್ಲವನ್ನೂ ಹೇಳಿದನಲ್ಲ. ಆದರೂ ಆಕೆ ಯಾಕೆ ಹಾಗೆಂದಳು?" ಎಂದು ಕೇಳಿದ.

ಗುರು ಮೊದಲ ಸಲ ಅವನ ಮುಖ ನೋಡಿದರು.

"ನಿನ್ನ ತಪ್ಪು ಈಗ ಯಾರ ಹೆಸರಿನಲ್ಲಿದೆ?"

ಶಿಷ್ಯ ಎದ್ದು ನಿಂತ. ಬಾಗಿಲ ಕಡೆಗೆ ನಡೆದ.