ಕೈ ಮುಟ್ಟಿದರೆ ಏಳುವ ಹೆಣ

ಗದಗಿನ ಒಂದು ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ನೀಲವ್ವ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಅಡಿವೆಪ್ಪ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹಾಲು ಉಕ್ಕುತ್ತದೇನೋ ನೋಡು ಅಂದರೆ, ಉಕ್ಕಿ ಒಲೆ ಆರುವ ತನಕ ನೋಡುತ್ತ ಕೂರುವವನು. ಬೆಳಿಗ್ಗೆ ಕೂಗಿದರೆ ಏಳುವವನಲ್ಲ, ಅಲುಗಾಡಿಸಿದರೂ ಏಳುವವನಲ್ಲ. ಅವ್ವ ಬಂದು ಹಣೆಯ ಮೇಲೆ ಕೈಯಿಟ್ಟರೆ ಮಾತ್ರ ಎದ್ದು ಕೂರುತ್ತಿದ್ದ.

ನೀಲವ್ವನಿಗೆ ಒಬ್ಬ ತಮ್ಮ, ಕೊಟ್ರೇಶಿ. ಅವರಪ್ಪ ನಾಟಕ ಕಂಪನಿಯಲ್ಲಿ ಅಡುಗೆಯವನು. ಅಕ್ಕ ತಮ್ಮ ಇಬ್ಬರೂ ಪರದೆಗಳ ಹಿಂದೆ ಆಡಿ ಬೆಳೆದವರು. ಕೊಟ್ರೇಶಿ ಹೋಟೆಲ್ ಕೆಲಸ ಹಿಡಿದು ಜಾರ್ಜಿಯಾ ದೇಶಕ್ಕೆ ಹೋದ. ಹೋಗುವಾಗ, ಒಂದು ಸಿನಿಮಾ ತೆಗೆದು ಮುಗಿಸಿದ ಮೇಲೆಯೇ ಈ ಹೊಸ್ತಿಲು ತುಳಿಯುತ್ತೇನೆ ಅಂದ. ವರ್ಷಗಳು ಹೋದವು. ಫೋನೂ ನಿಂತಿತು. ನೀಲವ್ವ ದಿನಾ ಒಂದು ರೊಟ್ಟಿಯನ್ನು ತಮ್ಮನ ಹೆಸರಲ್ಲಿ ಎತ್ತಿಡುತ್ತಿದ್ದಳು. ಸಂಜೆ ಅದನ್ನು ಅಡಿವೆಪ್ಪ ತಿನ್ನುತ್ತಿದ್ದ.

ಒಂದು ದಿನ ಫೋನು ಬಂತು. ಕೊಲೆಯ ಸಿನಿಮಾ ಶುರು ಮಾಡಿದ್ದೇನೆ ಅಂದ ಕೊಟ್ರೇಶಿ. ಕ್ಯಾಮೆರಾ ಕೇಳಿ ತಂದದ್ದು, ಕೊಲೆಗಾರ ಪಕ್ಕದ ಬೀದಿಯ ಬ್ರೆಡ್ ಸುಡುವವನು. ಕೈಕೆಲಸಕ್ಕೆ ಆಳಿಲ್ಲ, ಪರದೇಶದವನ ಮಾತು ಕೇಳುವವರಿಲ್ಲ, ಅಡಿವ್ಯಾನನ್ನು ಕಳಿಸು. ಕಳಿಸಿದರೆ ತಮ್ಮ ಬೇಗ ಮುಗಿಸಿ ಬಂದಾನು ಅಂತ ನೀಲವ್ವ ಒಪ್ಪಿದಳು. "ಮಾಮಾ ಹೇಳಿದ್ದನ್ನ ಹೇಳಿದಾಂಗ ಮಾಡು," ಅಂತ ಬುದ್ಧಿ ಹೇಳಿ, ಶೇಂಗಾ ಚಟ್ನಿ, ಗಾಯಕ್ಕಿರಲಿ ಅಂತ ಅರಿಶಿನ ಕಟ್ಟಿ ಕಳಿಸಿದಳು.

ಅಲ್ಲಿ ಮಾಮಾ ಅವನನ್ನು ಓಣಿಯ ಬಾಯಿಗೆ ನಿಲ್ಲಿಸಿ, ಯಾರನ್ನೂ ಒಳಗೆ ಬಿಡಬೇಡ ಅಂದ. ಸಿನಿಮಾದ ಹೀರೋ ಅದೇ ಓಣಿಯಿಂದ ಓಡಿ ಬರಬೇಕಿತ್ತು. ಓಡಿ ಬಂದ. ಅಡಿವೆಪ್ಪ ಅವನ ಕೊರಳಪಟ್ಟಿ ಹಿಡಿದ. ಬಿಸಿಲು ಇಳಿಯುವ ತನಕ ಬಿಡಲಿಲ್ಲ.

ಕೊಟ್ರೇಶಿ ಅಕ್ಕನಿಗೆ ಫೋನು ಹಚ್ಚಿ ಬೈದ. ನೀಲವ್ವ ಕಿವಿಗೊಟ್ಟು ಕೇಳಿದಳು. ತಮ್ಮನ ದನಿ ದಪ್ಪಗಾಗಿತ್ತು, ನಡುನಡುವೆ ಅಪ್ಪನ ಹಾಗೆಯೇ ಕೆಮ್ಮುತ್ತಿದ್ದ. ಆಮೇಲೆ ಮಗನಿಗೆ, ವೇಷ ಹಾಕಿದವರು ಯಾರೇ ಬರಲಿ, ನಮ್ಮವರು ಅಂತ ತಿಳಿದು ಒಳಗೆ ಕರೆದು ಚಹಾ ಕೊಡು ಅಂತ ಬುದ್ಧಿ ಹೇಳಿದಳು. ಅಪ್ಪನ ನಾಟಕ ಕಂಪನಿಯಲ್ಲಿ ಅದೇ ಪದ್ಧತಿ ಇತ್ತು.

ಮರುದಿನ ಪಿಸ್ತೂಲು ಹಿಡಿದವರನ್ನು ಕಂಡು ಯಾರೋ ಮುದುಕಿ ದೂರು ಕೊಟ್ಟಳು. ನಿಜವಾದ ಪೊಲೀಸರು ಬಂದರು. ವೇಷ ಚೆನ್ನಾಗಿದೆ ಅಂದುಕೊಂಡ ಅಡಿವೆಪ್ಪ. ಕೂರಿಸಿದ, ಚಹಾ ಕೊಟ್ಟ, ಚಟ್ನಿ ತಿನ್ನಿಸಿದ. ದೊಡ್ಡ ಸಾಹೇಬನ ಮುಖ ಬೆವೆತಿತ್ತು. ಕಂಪನಿಯ ಬಗ್ಗೆ ಅವ್ವ ಹೇಳುತ್ತಿದ್ದ ಹಾಗೆ ಅವನ ಮೂಗಿನ ಮೇಲೆ ಪೌಡರು ಬಡಿದ. ಅವರು ಕೊಟ್ರೇಶಿಯನ್ನು ಠಾಣೆಗೆ ಕರೆದೊಯ್ದರು. ಅವರ ಭಾಷೆ ಇವನಿಗೆ ಸರಿಯಾಗಿ ಬಾರದು. ಪಿಸ್ತೂಲು ಕಟ್ಟಿಗೆಯದು ಅಂತ ತಿಳಿಸಲು ಅದನ್ನು ಕಚ್ಚಿ ತೋರಿಸಬೇಕಾಯಿತು.

ಮತ್ತೆ ಫೋನು. ಮತ್ತೆ ಬೈಗುಳ. ಬೈದು ಮುಗಿದ ಮೇಲೆ ಕೊಟ್ರೇಶಿ ಇಡಲಿಲ್ಲ. ಹಿತ್ತಲ ಬೇವಿನ ಗಿಡ ಇದೆಯೋ ಕಡಿದಿರೋ ಅಂತ ಕೇಳಿದ. ಇದೆ ಅಂದಳು. ಮಗನಿಗೆ, ಇನ್ನು ಮೇಲೆ ಕಂಡದ್ದನ್ನೆಲ್ಲ ಖರೆ ಅಂತಲೇ ತಿಳಿದುಕೋ ಅಂದಳು.

ಮರುದಿನ ಕೊಲೆಯ ದೃಶ್ಯ. ಬ್ರೆಡ್ಡಿನವನು ಹೀರೋಗೆ ಚಾಕು ಹಾಕಿದ, ಬಿಳಿ ಅಂಗಿಯ ಮೇಲೆ ಕೆಂಪು ಬಣ್ಣ ಹರಿಯಿತು. ಅಡಿವೆಪ್ಪ ನುಗ್ಗಿ ಕೊಲೆಗಾರನ ಎದೆಯ ಮೇಲೆ ಕೂತ. ಕೂತಲ್ಲಿಂದಲೇ ಹೀರೋನನ್ನು ಎಳೆದು, ಗಾಯಕ್ಕೆ ಬೊಗಸೆ ಅರಿಶಿನ ಮೆತ್ತಿದ. ಇದ್ದದ್ದು ಅದೊಂದೇ ಬಿಳಿ ಅಂಗಿ. ಹೀರೋ ಅದನ್ನು ಬಿಚ್ಚಿ ಬಿಸಾಡಿ ಮನೆಗೆ ಹೋದವನು ತಿರುಗಿ ಬರಲಿಲ್ಲ.

ಈ ಸಲ ಫೋನು ಹಚ್ಚಿದ ಕೊಟ್ರೇಶಿ ಬೈಯಲಿಲ್ಲ. ನೀಲವ್ವನಿಗೆ ಅದು ಬೈಗುಳಕ್ಕಿಂತ ಕಷ್ಟವಾಯಿತು. ಅವನು ಹೇಳಿದ: ಚಾಕು ಹಾಕಿದ್ದು ಹೇಗೋ ಕ್ಯಾಮೆರಾದಲ್ಲಿ ಬಂದಿದೆ, ಉಳಿದದ್ದು ಒಂದೇ ದೃಶ್ಯ, ನದಿ ದಂಡೆಯ ಮೇಲೆ ಹೀರೋನ ಹೆಣ. ಅದಾಗದಿದ್ದರೆ ಸಿನಿಮಾ ಇಲ್ಲ, ಸಿನಿಮಾ ಇಲ್ಲದಿದ್ದರೆ ಯಾವ ಮುಖ ಹೊತ್ತು ಬರಲಿ?

"ಅಡಿವ್ಯಾನ್ನ ಮಲಗಿಸು," ಅಂದಳು ನೀಲವ್ವ. "ಅದೊಂದು ಅವಗ ಬರ್ತದ."

ಕೊಟ್ರೇಶಿ ಹೀರೋ ಬಿಸಾಡಿದ ಅಂಗಿಯನ್ನೇ ಅಳಿಯನಿಗೆ ತೊಡಿಸಿ, ಮುಖ ಆಚೆ ತಿರುಗಿಸಿ ಮಲಗಿಸಿದ. "ಮನ್ಯಾಗ ಅವ್ವ ಎಬ್ಬಿಸೋ ತನಕ ಹೆಂಗ ಮಲಗ್ತಿ, ಹಂಗ ಮಲಗು," ಅಂದ.

ಮಲಗಿದ. ಅಂಥ ಹೆಣವನ್ನು ಯಾರೂ ಕಂಡಿರಲಿಲ್ಲ. ಮೂಗಿನ ಮೇಲೆ ಹುಳ ನಡೆದಾಡಿದರೂ ಅಲುಗಲಿಲ್ಲ. ದೃಶ್ಯ ಮುಗಿಯಿತು, ಸಿನಿಮಾ ಮುಗಿಯಿತು. ಕೊಟ್ರೇಶಿ ಕ್ಯಾಮೆರಾದ ಹಿಂದೆ ನಿಂತು ಕಣ್ಣೊರೆಸಿಕೊಂಡು, ಏಳೋ ಅಂದ. ಏಳಲಿಲ್ಲ. ಕಚಗುಳಿ ಇಟ್ಟರು, ತಣ್ಣೀರು ಹೊಯ್ದರು, ಬ್ರೆಡ್ಡಿನವನು ಎತ್ತಿ ನಿಲ್ಲಿಸಿ ನೋಡಿದ. ನಿಲ್ಲಿಸಿದ ಕಂಬಳಿಯ ಹಾಗೆ ಕುಸಿದು ಬಿದ್ದ. ಫೋನನ್ನು ಅವನ ಕಿವಿಗೆ ಹಿಡಿದರು. ಏಳೋ ನನ್ನಪ್ಪಾ ಅಂತ ನೀಲವ್ವ ಎಷ್ಟು ಕೂಗಿದರೂ ಇಲ್ಲ.

"ಅಕ್ಕಾ, ಇವನ್ನ ಏನ್ ಮಾಡ್ಲಿ?"

ನೀಲವ್ವ ಹಿಟ್ಟು ಹತ್ತಿದ ತನ್ನ ಅಂಗೈ ನೋಡಿಕೊಂಡಳು.

"ಕೈ ಮುಟ್ಟಬೇಕಪಾ ಅವಗ. ಕೈ ಫೋನಿನ್ಯಾಗ ಬರೂದಿಲ್ಲ."

ಹೀಗಾಗಿ ಕೊಟ್ರೇಶಿ ಅಳಿಯನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿಕೊಂಡು ಗದಗಿಗೆ ಬಂದ. ದಾರಿಯುದ್ದಕ್ಕೂ ಕೇಳಿದವರಿಗೆಲ್ಲ ನಿದ್ದೆ, ನಿದ್ದೆ ಅಂದ. ಆಟೋ ಓಣಿಗೆ ಬಂತು. ನೀಲವ್ವ ಒಲೆಯ ಮುಂದಿನಿಂದ ಹಾಗೆಯೇ ಎದ್ದು ಬಂದು ಮಗನ ಹಣೆಯ ಮೇಲೆ ಕೈಯಿಟ್ಟಳು. ಅಡಿವೆಪ್ಪ ಎದ್ದು ಕೂತು, "ಯವ್ವಾ, ಹೊತ್ತಾತೇನ?" ಅಂದ. ಅದೇ ಕೈಯಿಂದ ಅವಳು ತಮ್ಮನ ಕೆನ್ನೆ ಮುಟ್ಟಿದಳು. ಹಿಟ್ಟಿನ ಗುರುತು ಉಳಿಯಿತು. ಅವನು ಒರೆಸಿಕೊಳ್ಳಲಿಲ್ಲ.

ಆದರೆ ಸಿನಿಮಾ ಕತ್ತರಿಸಿ ಜೋಡಿಸುವ ಕೆಲಸ ಅಲ್ಲಿ ಬಾಕಿ ಇತ್ತು. ನಸುಕಿಗೇ ಕಾರು ಬರುತ್ತದೆ, ಹೋಗಬೇಕು ಅಂದ ಕೊಟ್ರೇಶಿ. ಫೋನಿನಲ್ಲಿ ಅಲಾರಾಂ ಇಟ್ಟು ಪಡಸಾಲೆಯಲ್ಲಿ ಉರುಳಿದ. ನೀಲವ್ವ ಕೌದಿ ಹೊದಿಸಿ, "ಮಾಮಾ ದಣದಾನ, ಎಬ್ಬಿಸಬ್ಯಾಡ," ಅಂತ ಮಗನಿಗೆ ಹೇಳಿ ಒಳಗೆ ಹೋದಳು.

ಕೊಟ್ರೇಶಿ ತಾನಾಗಿ ಕಣ್ಣು ಬಿಟ್ಟಾಗ ಬಿಸಿಲು ಬೇವಿನ ಗಿಡದ ನೆತ್ತಿಗೆ ಬಂದಿತ್ತು. ಕಾರಿನವನು ಬಂದಿದ್ದನಂತೆ. ಅಡಿವೆಪ್ಪ ಅವನ ಬಾಯಿ ಮುಚ್ಚಿ ಓಣಿಯ ಕೊನೆ ದಾಟಿಸಿ ಬಂದಿದ್ದ. ಫೋನು ಜೋಳದ ಚೀಲದ ತಳದಲ್ಲಿ ಸಿಕ್ಕಿತು. ಇನ್ನೂ ಸಣ್ಣಗೆ ಕೂಗುತ್ತಿತ್ತು.

"ಅಕ್ಕಾ, ನೋಡು ನಿನ್ನ ಮಗನ್ನ," ಅಂದ ಕೊಟ್ರೇಶಿ.

ಅಡಿವೆಪ್ಪ ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತ. ನೀಲವ್ವ ಹಂಚಿನ ಮೇಲಿನ ರೊಟ್ಟಿ ಮಗುಚಿದಳು. ಬೈಯಲಿಲ್ಲ.

"ಮಾಮಾಗ ರೊಟ್ಟಿ ಹಾಕು," ಅಂದಳು.

"ಎಷ್ಟ್ ಹಾಕ್ಲಿ?"

"ಅವ ಸಾಕು ಅನ್ನೋ ತನಕ."

ಕೊಟ್ರೇಶಿ ತಾಟಿನ ಮುಂದೆ ಕೂತ. ಮೊದಲ ತುತ್ತು ಮುರಿದು ಬಾಯಿಗಿಟ್ಟ. ಸಾಕು ಅನ್ನಲು ಬಾಯಿ ತೆರೆದವನು ಇನ್ನೊಂದು ತುತ್ತು ಇಟ್ಟುಕೊಂಡ. ಅಡಿವೆಪ್ಪ ಹಾಕಿದ, ಇನ್ನೊಂದು ಹಾಕಿದ, ಬುಟ್ಟಿ ಬರಿದಾಗಲು ಅವ್ವನ ಕಡೆ ನೋಡಿದ. ನೀಲವ್ವ ಬಡಿಯುತ್ತಲೇ ಇದ್ದಳು. ರೊಟ್ಟಿಯ ಗುಡ್ಡೆ ಕೊಟ್ರೇಶಿಯ ಎದೆಮಟ್ಟಕ್ಕೆ ಬಂತು, ಗದ್ದದ ಮಟ್ಟಕ್ಕೆ ಬಂತು, ಆಮೇಲೆ ಅವನ ಮುಖವೇ ಕಾಣದಾಯಿತು. ಅಡಿವೆಪ್ಪ ಹಾಕುತ್ತಲೇ ಇದ್ದ.