ಅಧ್ಯಕ್ಷನ ಸ್ನಾನ, ಭಾವಮೈದನ ಸಿಮ್ಮು

ಪಂಚಾಯ್ತಿ ಅಧ್ಯಕ್ಷ ಪುಟ್ಟಬಸವಯ್ಯನ ಭಾವಮೈದ ಸಿಮ್ ಮಾರುವ ಏಜೆನ್ಸಿ ಹಿಡಿದ. ಅಷ್ಟಕ್ಕೇ ಅಧ್ಯಕ್ಷನಿಗೆ ಕಂಪನಿಯೇ ತನ್ನದೆಂಬ ಗತ್ತು ಬಂತು. "ಪಂಚಾಯ್ತಿ ಸಂಬಳ ತಿನ್ನೋರೆಲ್ಲ ನಾಳೆಯಿಂದ ಇದೇ ಸಿಮ್ ಹಾಕ್ಬೇಕು. ಆಗಲ್ಲ ಅನ್ನೋರು ಮನೆಗೆ ಹೋಗಿ," ಎಂದ.

ಊರಿಗೆ ನೀರು ಬಿಡುವ ಮಾಸ್ತಪ್ಪ ಹಳೇ ಸಿಮ್ಮನ್ನು ಎಲೆಅಡಿಕೆ ಸಂಚಿಗೆ ಸೇರಿಸಿ ಹೊಸದನ್ನು ಹಾಕಿಕೊಂಡ.

ಅಧ್ಯಕ್ಷನದೊಂದು ದೊಡ್ಡಸ್ತಿಕೆ ಇತ್ತು. ಊರಿಗೆ ನೀರು ಬಿಡುವ ಹೊತ್ತು ಯಾವುದೇ ಇರಲಿ, ಇವನು ಸ್ನಾನಕ್ಕಿಳಿದು ಫೋನು ಮಾಡಿದೊಡನೆ ಇವನ ಮನೆಗೆ ನೀರು ಬರಬೇಕು. ಮರುದಿನ ತಲೆತುಂಬ ಸೋಪು ಹಚ್ಚಿಕೊಂಡು ಮಾಸ್ತಪ್ಪನಿಗೆ ಫೋನು ಮಾಡಿದ. "ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂದಿತು ಫೋನು. ಎಷ್ಟು ಸಲ ಒತ್ತಿದರೂ ಅದೇ ಉತ್ತರ.

ಟವಲ್ ಸುತ್ತಿಕೊಂಡು ನೀರಿನ ಟ್ಯಾಂಕಿನ ಬಳಿಗೆ ಓಡಿದ. ಕೊಡ ಹಿಡಿದು ನಿಂತಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಮಾಸ್ತಪ್ಪ ವಾಲ್ವಿನ ಪಕ್ಕ ಕೂತು ಎಲೆ ಹಾಕುತ್ತಿದ್ದ.

"ಎಲ್ಲೋ ಸತ್ತಿದ್ದೆ?"

"ಇಲ್ಲೇ ಇದೀನಿ ಸಾಮಿ. ನೀವು ಕೊಡ್ಸಿದ ಸಿಮ್ಮಿಗೆ ಟ್ಯಾಂಕಿನ ನೆತ್ತಿ ಮೇಲೆ ಮಾತ್ರ ಸಿಗ್ನಲ್ ಸಿಗ್ತದೆ. ವಾಲ್ವು ಇರೋದು ಇಲ್ಲಿ ಕೆಳಗೆ. ಮೇಲೆ ಕೂತ್ರೆ ನಿಮ್ಮ ಮಾತು ಕೇಳ್ತದೆ, ನೀರು ಬಿಡಕ್ಕಾಗಲ್ಲ. ಕೆಳಗೆ ಕೂತ್ರೆ ನೀರು ಬಿಡಬಹುದು, ಮಾತು ಕೇಳಲ್ಲ. ಎಲ್ಲಿ ಕೂತ್ಕೊಳ್ಳಲಿ, ನೀವೇ ಹೇಳಿ."

ಸೋಪು ಕಣ್ಣಿಗಿಳಿಯಿತು. "ಹಾಳಾಗಿ ಹೋಗ್ಲಿ, ಹಳೇದನ್ನೇ ಹಾಕ್ಕೋ."

"ನಾನೊಬ್ಬನೇನಾ, ಎಲ್ಲರೂನಾ?"

"ಎಲ್ಲರೂ ಕಣೋ. ಮೊದಲು ನೀರು ಬಿಡು."

ಮಾಸ್ತಪ್ಪ ಸಂಚಿಯಿಂದ ಹಳೇ ಸಿಮ್ ತೆಗೆದು ನಿಧಾನವಾಗಿ ಫೋನಿಗೆ ಹಾಕಿದ.

"ಆಯ್ತು ಸಾಮಿ. ಮನೆಗೆ ಹೋಗಿ ಫೋನು ಮಾಡಿ, ಬಿಡ್ತೀನಿ."