ಅಂಟು ಬಿಟ್ಟ ಯಂತ್ರ

ನೋವು ಕಳೆಯುವ ಪುಟ್ಟ ಕರೆಂಟ್ ಯಂತ್ರವನ್ನು ಪಕ್ಕದ ಮನೆಯ ಸರಸಕ್ಕ ತಂದುಕೊಟ್ಟರು. "ನನಗೆ ಗುಣವಾಯಿತು, ನೀವೂ ಹಚ್ಚಿಕೊಳ್ಳಿ ದಾಕ್ಷಾಯಿಣಮ್ಮ."

ದಾಕ್ಷಾಯಿಣಮ್ಮ ಭುಜ ಹಿಡಿದು ನರಳುವುದನ್ನು ಕೇಳಿ ಯಂತ್ರ ಹಂಬಲಿಸಿತು: "ಒಮ್ಮೆ ಮುಟ್ಟಿದರೆ ಸಾಕು."

ಆಕೆಯ ಎದೆಯೊಳಗಿನ ಪೇಸ್‌ಮೇಕರ್ ತಡೆಯಿತು: "ಬೇಡ ತಮ್ಮಾ. ಇವರ ಹೃದಯ ಬಡಿಯಲು ಮರೆತಾಗ ನೆನಪಿಸುವವನು ನಾನು. ನಿನ್ನ ಕರೆಂಟಿನ ಮಿಡಿತವನ್ನು ಹೃದಯದ್ದೇ ಎಂದು ನಂಬಿ ನಾನು ಸುಮ್ಮನಾಗಿಬಿಟ್ಟರೆ?"

"ನರಳಾಟ ಕೇಳಿಸಿಕೊಂಡು ಸುಮ್ಮನಿರಲೇ?"

"ಇರಬೇಕು."

ದಾಕ್ಷಾಯಿಣಮ್ಮ ಯಂತ್ರದ ಅಂಟುಪಟ್ಟಿಯನ್ನು ಭುಜಕ್ಕೆ ಹಚ್ಚಿಕೊಂಡರು. ಯಂತ್ರ ತಾನಾಗಿಯೇ ಅಂಟು ಬಿಟ್ಟಿತು. ಮತ್ತೆ ಹಚ್ಚಿದರು, ಮತ್ತೆ ಬಿಟ್ಟಿತು.

"ಇರಲಿ, ಮೊದಲು ಡಾಕ್ಟರನ್ನೇ ಕೇಳುತ್ತೇನೆ" ಎಂದು ಅದನ್ನು ಕಪಾಟಿನಲ್ಲಿಟ್ಟರು.

ಯಂತ್ರಕ್ಕೆ ಅಲ್ಲಿಂದ ಅವರ ನರಳಾಟ ಈಗಲೂ ಕೇಳಿಸುತ್ತದೆ. ಎದೆಬಡಿತವೂ ಕೇಳಿಸುತ್ತದೆ.